ಪ್ರೇಕ್ಷಕನೂ ಆಟದ ಕಟ್ಟಳೆಯೂ

ಆಟವು ಆಡುವವರಿಗೆ ಸೇರಿದುದೆಂದು ಹೇಳುವವರುಂಟು. ಆಡಿಸುವವರಿಗೆ ಸೇರಿದುದೆಂದು ನಂಬಿರುವವರು ಈಚಿನ ದಿನಗಳಲ್ಲಿ ಇನ್ನೂ ಹೆಚ್ಚು. ಇವರಿಬ್ಬರ ನಡುವೆ ಮೂರನೆಯವನೊಬ್ಬನಿದ್ದಾನೆ. ಹಣ ತೆತ್ತು ಚೀಟಿ ಕೊಳ್ಳುವವನು ಅವನು. ಬಿಸಿಲು ಮಳೆಯೆನ್ನದೆ ಕುಳಿತು ಗಂಟಲು ಬಿರಿಯುವಂತೆ ಕೂಗುವವನು ಅವನು. ಸೋತ ರಾತ್ರಿ ಊಟ ಬಿಡುವವನೂ ಅವನೇ. ಆಟದ ಕಟ್ಟಳೆಗಳನ್ನು ತಿದ್ದುವಾಗ ಈ ಮೂರನೆಯವನ ಮಾತಿಗೆ ಏನು ಬೆಲೆ? ಅವನನ್ನು ಕೇಳಬೇಕೆ, ಕೇಳಬೇಕಾಗಿಲ್ಲವೆ? ಕೇಳಬೇಕೆಂದರೆ ಎಷ್ಟರಮಟ್ಟಿಗೆ? ಇದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ನನ್ನ ಇಚ್ಛೆ. ಉದಾಹರಣೆಗೆ ನಾನು ಆರಿಸಿಕೊಂಡಿರುವುದು ಆಸ್ಟ್ರೇಲಿಯದವರ ಕಾಲ್ಚೆಂಡಾಟವನ್ನು. ತನ್ನ ಕಟ್ಟಳೆಗಳನ್ನು ಇಷ್ಟು ಸಲ ತಿದ್ದಿಕೊಂಡ ಆಟವೂ, ಪ್ರತಿಯೊಂದು ತಿದ್ದುಪಡಿಗೂ ಇಷ್ಟು ಗದ್ದಲವೆಬ್ಬಿಸುವ ಅಭಿಮಾನಿವೃಂದವೂ ಒಂದೆಡೆ ಕೂಡಿರುವುದು ಅಪರೂಪ.

ಈ ಆಟ ನಮ್ಮವರಿಗೆ ಅಪರಿಚಿತ. ಆದರೆ ಅದನ್ನು ಆಡುವ ಅಂಗಣ ಅಪರಿಚಿತವಲ್ಲ. 1977ರ ಡಿಸೆಂಬರ್ ಕೊನೆಯಲ್ಲಿ ಆರಂಭವಾದ ಟೆಸ್ಟ್ ಪಂದ್ಯದಲ್ಲಿ ನಮ್ಮ ಬಿ. ಎಸ್. ಚಂದ್ರಶೇಖರ್ ಎರಡು ಇನ್ನಿಂಗ್ಸುಗಳಲ್ಲಿಯೂ 52 ರನ್ನುಗಳಿಗೆ ಆರಾರು ವಿಕೆಟ್ ಕಿತ್ತು, ಆಸ್ಟ್ರೇಲಿಯದ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು ದೊರಕಿಸಿಕೊಟ್ಟದ್ದು ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ. ಬೇಸಗೆಯಲ್ಲಿ ಕ್ರಿಕೆಟ್ಟಿಗೆ ಮೀಸಲಾದ ಆ ಮೈದಾನ ಚಳಿಗಾಲದಲ್ಲಿ ಈ ಕಾಲ್ಚೆಂಡಾಟದ ಪಾಲಾಗುತ್ತದೆ. 1970ರಲ್ಲಿ ಕಾರ್ಲ್ಟನ್ ಮತ್ತು ಕಾಲಿಂಗ್‌ವುಡ್ ತಂಡಗಳ ಅಂತಿಮ ಪಂದ್ಯವನ್ನು ನೋಡಲು ಅಲ್ಲಿ ನೆರೆದವರ ಸಂಖ್ಯೆ 1,21,696. ಅರ್ಧ ಆಟ ಮುಗಿದಾಗ 44 ಅಂಕಗಳಷ್ಟು ಹಿಂದಿದ್ದ ಕಾರ್ಲ್ಟನ್ ಕೊನೆಗೆ 10 ಅಂಕಗಳಿಂದ ಗೆದ್ದಿತು.

ಆಟದ ಸ್ವರೂಪವನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಅಂಗಣ ಮೊಟ್ಟೆಯಾಕಾರದ್ದು, ಚೆಂಡೂ ಹಾಗೆಯೇ. ಪ್ರತಿ ಪಕ್ಷಕ್ಕೂ 18 ಜನ. ಎರಡು ತುದಿಗಳಲ್ಲಿಯೂ ನಾಲ್ಕು ನಾಲ್ಕು ಕಂಬಗಳು. ನಡುವಿನ ಎರಡು ಕಂಬಗಳ ಮಧ್ಯೆ ಚೆಂಡನ್ನು ಒದ್ದರೆ ಗೋಲು, ಅದಕ್ಕೆ 6 ಅಂಕ. ಪಕ್ಕದ ಸಂದಿಯಲ್ಲಿ ಹೋದರೆ ‘ಬಿಹೈಂಡ್’, ಅದಕ್ಕೆ 1 ಅಂಕ. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಆದರೆ ಆಗಾಗ ನೆಲಕ್ಕೆ ಬಡಿದು ಪುಟಿಸುತ್ತಿರಬೇಕು. ಕೈಯಿಂದ ಎಸೆಯಕೂಡದು, ಒಂದು ಅಂಗೈಯಲ್ಲಿಟ್ಟು ಇನ್ನೊಂದು ಮುಷ್ಟಿಯಿಂದ ಗುದ್ದಬೇಕು. ಒದ್ದ ಚೆಂಡು 15 ಮೀಟರಾದರೂ ಸಾಗಿ ಬಂದಾಗ ಅದನ್ನು ನೆಲಕ್ಕೆ ಬೀಳಗೊಡದೆ ಹಿಡಿದವನಿಗೆ ‘ಮಾರ್ಕ್’; ಅವನು ಅಡ್ಡಿಯಿಲ್ಲದೆ ಒದೆಯಬಹುದು. ಈ ಮಾರ್ಕಿಗಾಗಿ ಎದುರಾಳಿಯ ಹೆಗಲ ಮೇಲೆ ಮೊಣಕಾಲೂರಿ ಗಾಳಿಯಲ್ಲಿ ಏರುವುದೇ ಈ ಆಟದ ಸೊಬಗು. ನಾವು ಕಂಡ ಫುಟ್‌ಬಾಲಿನಲ್ಲಿರುವ ‘ಆಫ್‌ಸೈಡ್’ ಎಂಬುದು ಇಲ್ಲಿಲ್ಲ. ಯಾರು ಎಲ್ಲಿ ಬೇಕಾದರೂ ನಿಲ್ಲಬಹುದು. ಈ ಕೊನೆಯ ಮಾತನ್ನು ವಾಚಕರು ನೆನಪಿಡಬೇಕು. ಮುಂದೆ ಬರುವ ತಂಟೆಗಳಿಗೆಲ್ಲ ಮೂಲ ಇದೇ.

“ನಮ್ಮ ಆಟವನ್ನು ಮುಟ್ಟಬೇಡಿ!” ಇದು ಅಲ್ಲಿಯ ಅಭಿಮಾನಿಯ ಹಳೆಯ ಕೂಗು. ಹೊಸ ಕಟ್ಟಳೆ ಪ್ರಕಟವಾದಾಗಲೆಲ್ಲ ಈ ಕೂಗು ಏಳುತ್ತದೆ. ಆದರೆ ಚರಿತ್ರೆಯನ್ನು ತೆರೆದು ನೋಡಿದರೆ, ಮುಟ್ಟದೆ ಉಳಿದ ಆಟವೊಂದು ಎಂದೂ ಇರಲಿಲ್ಲವೆಂದು ತಿಳಿಯುತ್ತದೆ. 1858ರ ಜುಲೈ ತಿಂಗಳಲ್ಲಿ ಟಾಮ್ ವಿಲ್ಸ್ ಎಂಬ ಕ್ರಿಕೆಟ್ ಆಟಗಾರ ಮೆಲ್ಬರ್ನಿನ ಪತ್ರಿಕೆಯೊಂದಕ್ಕೆ ಕಾಗದ ಬರೆದು, ಚಳಿಗಾಲದಲ್ಲಿ ಕ್ರಿಕೆಟಿಗರ ಮೈ ಜಡವಾಗದಂತೆ ಒಂದು ಕಾಲ್ಚೆಂಡಿನ ಕ್ಲಬ್ಬನ್ನು ಕಟ್ಟಿ ಅದಕ್ಕೆ ಕಟ್ಟಳೆಗಳನ್ನು ರೂಪಿಸಬೇಕೆಂದು ಸೂಚಿಸಿದ. 1859ರ ಮೇ 17ರಂದು ಅವನೂ ಅವನ ಮೂವರು ಸಂಗಡಿಗರೂ ಹೋಟೆಲೊಂದರಲ್ಲಿ ಕುಳಿತು 10 ಕಟ್ಟಳೆಗಳನ್ನು ಬರೆದರು. ವಿಲ್ಸ್ ಓದಿದ್ದು ಇಂಗ್ಲೆಂಡಿನ ರಗ್ಬಿ ಶಾಲೆಯಲ್ಲಿ. ಆದರೂ ಆ ಶಾಲೆಯ ಆಟವನ್ನು ಇದ್ದ ಹಾಗೆಯೇ ತಂದು ನೆಡಲಿಲ್ಲ. ತಮಗೆ ಒಗ್ಗಿದ್ದನ್ನು ಇಟ್ಟುಕೊಂಡರು, ಒಗ್ಗದುದನ್ನು ಬಿಟ್ಟರು. ಆಟ ಹುಟ್ಟಿದ್ದೇ ತಿದ್ದುಪಡಿಯಿಂದ.

ಅಷ್ಟಕ್ಕೇ ಮುಗಿಯಲಿಲ್ಲ. ಇಂದು ಅಭಿಮಾನಿ ಪ್ರಾಣಕ್ಕೆ ಸಮನೆಂದು ಭಾವಿಸುವ ಆರು ಅಂಕ, ಒಂದು ಅಂಕದ ಲೆಕ್ಕ ವಿಕ್ಟೋರಿಯದ ದೊಡ್ಡ ಲೀಗಿನಲ್ಲಿ ಬಂದದ್ದು 1897ರಲ್ಲಿ, ಆ ಲೀಗಿನ ಮೊದಲ ಋತುವಿನಲ್ಲಿ. ಮೊದಲು 20 ಜನರಿದ್ದ ಪಕ್ಷ 18ಕ್ಕೆ ಇಳಿದದ್ದು 1899ರಲ್ಲಿ. ನೆಲ ಮುಟ್ಟದೆ ನೇರವಾಗಿ ಗೆರೆಯಾಚೆ ಹೋಗುವಂತೆ ಚೆಂಡನ್ನು ಒದ್ದರೆ ಎದುರಾಳಿಗೆ ಫ್ರೀ ಕಿಕ್ ಎಂಬ ಕಟ್ಟಳೆ 1969ರದು. ಅಂಗಣದ ನಡುವೆ ಈಗ ಕಾಣುವ ಚೌಕ 1975ರದು. ಹೊರಗೆ ಹೋದ ಆಟಗಾರ ಮರಳಿ ಬರಬಹುದೆಂಬ ‘ಇಂಟರ್‌ಚೇಂಜ್’ ಬಂದದ್ದು 1978ರಲ್ಲಿ. ಇವೆಲ್ಲ ಒಂದೊಂದು ಕಾಲದಲ್ಲಿ ಹೊಸತೇ. “ನಮ್ಮ ಕಾಲದ ಆಟವೇ ಆಟ” ಎಂದು ಹೇಳುವ ಅಜ್ಜನ ಆಟವನ್ನು ಅವನ ಅಜ್ಜ ನೋಡಿದ್ದರೆ ಮೂಗು ಮುರಿಯುತ್ತಿದ್ದನೋ ಏನೋ!

ಹಾಗಾದರೆ ಅಭಿಮಾನಿಯ ಗೊಣಗಾಟವೆಲ್ಲ ಹಳೆಯದರ ಮೇಲಿನ ಮೋಹವಷ್ಟೇ ಎಂದು ಕೈತೊಳೆದುಕೊಳ್ಳಬಹುದೆ? ಆಡಳಿತಗಾರರು ಹಾಗೆ ಭಾವಿಸಿದರೆ ಆಶ್ಚರ್ಯವಿಲ್ಲ. ನಾನು ಅದನ್ನು ಒಪ್ಪಲಾರೆ. ಆದರೆ ಮೊದಲು ಆಡಳಿತಗಾರರ ಕಷ್ಟವನ್ನು ಸಮಚಿತ್ತದಿಂದ ನೋಡುವುದು ನ್ಯಾಯ.

ಆಫ್‌ಸೈಡ್ ಇಲ್ಲದ ಆಟವೆಂದು ಮೇಲೆ ಹೇಳಿದೆನಷ್ಟೆ. ಬಹುಕಾಲ ಆಟಗಾರರು ತಂತಮ್ಮ ಸ್ಥಾನಗಳಲ್ಲಿ, ತಂತಮ್ಮ ಎದುರಾಳಿಯ ಪಕ್ಕದಲ್ಲಿ ನಿಂತು ಆಡುತ್ತಿದ್ದರು. ಅದು ರೂಢಿ, ಕಟ್ಟಳೆಯಲ್ಲ. ರೂಢಿಯನ್ನು ಮುರಿಯಬಹುದೆಂದು ಕಂಡುಕೊಂಡವರು ತರಬೇತಿದಾರರು. 2000ದ ಋತುವಿನಲ್ಲಿ ಎಸೆಂಡನ್ ತಂಡ ಸೋಲನ್ನೇ ಕಾಣದೆ ಮುನ್ನಡೆದಿತ್ತು. ವೆಸ್ಟರ್ನ್ ಬುಲ್‌ಡಾಗ್ಸ್ ತಂಡದ ತರಬೇತಿದಾರ ಟೆರಿ ವಾಲೆಸ್ ತನ್ನ ಆಟಗಾರರನ್ನು ಹಿಂದಕ್ಕೆ ಕರೆದು ಗೋಲಿನ ಮುಂದೆ ಜನರ ಗೋಡೆಯನ್ನೇ ಎಬ್ಬಿಸಿದ. ಆ ವರ್ಷ ಎಸೆಂಡನ್ ಸೋತದ್ದು ಆ ಒಂದೇ ಪಂದ್ಯದಲ್ಲಿ. ಈ ತಂತ್ರಕ್ಕೆ ಅಲ್ಲಿಯವರು ‘ಪ್ರವಾಹ’ ಎಂಬ ಅರ್ಥದ ಹೆಸರನ್ನೇ ಇಟ್ಟರು. ಪ್ರವಾಹದಲ್ಲಿ ಮುಳುಗಿದ್ದು ಅಂಕಗಳು. 1982ರಲ್ಲಿ ಒಂದು ತಂಡ ಪಂದ್ಯವೊಂದಕ್ಕೆ ಸರಾಸರಿ ನೂರಕ್ಕೂ ಬಹಳ ಮೇಲೆ ಗಳಿಸುತ್ತಿದ್ದರೆ, 2018ರ ಹೊತ್ತಿಗೆ ಅದು 83ರ ಆಸುಪಾಸಿಗೆ ಇಳಿದಿತ್ತು. ಹೆಗಲೇರಿ ಹಿಡಿಯುವ ಮಾರ್ಕಿನ ಬದಲು ಮೂವತ್ತು ಜನ ಒಂದೆಡೆ ಗುಡ್ಡೆಬಿದ್ದು ಎಳೆದಾಡುವ ದೃಶ್ಯವೇ ಹೆಚ್ಚಾಯಿತು.

ಇದಕ್ಕೆ ಇಂಬು ಕೊಟ್ಟದ್ದು ಇಂಟರ್‌ಚೇಂಜ್. ಇಬ್ಬರಿಂದ ಆರಂಭವಾದ ಅದು 1994ರಲ್ಲಿ ಮೂವರಿಗೂ 1998ರಲ್ಲಿ ನಾಲ್ವರಿಗೂ ಬೆಳೆಯಿತು. ಗಾಯಾಳುವಿಗೆ ಬದಲಿ ಇರಲೆಂಬುದು ಮೊದಲಿನ ಉದ್ದೇಶ. ತರಬೇತಿದಾರರು ಅದನ್ನು ಉಸಿರು ತುಂಬಿಸಿಕೊಳ್ಳುವ ಉಪಾಯವಾಗಿ ಮಾಡಿಕೊಂಡರು. ಎರಡು ನಿಮಿಷ ಹೊರಗೆ ಕುಳಿತು ದಣಿವಾರಿಸಿಕೊಂಡವನು ಅಂಗಣದ ಈ ತುದಿಯಿಂದ ಆ ತುದಿಗೆ ಓಡಬಲ್ಲ. ಓಡಬಲ್ಲವನು ಎಲ್ಲಿ ಚೆಂಡಿದೆಯೋ ಅಲ್ಲಿ ಗುಂಪುಕೂಡಬಲ್ಲ. ಒಂದೊಂದು ತಂಡ ಪಂದ್ಯವೊಂದಕ್ಕೆ ನೂರಕ್ಕೂ ಮಿಕ್ಕಿ ಸಲ ಆಟಗಾರರನ್ನು ಬದಲಾಯಿಸುವ ಸ್ಥಿತಿ ಬಂದಾಗ, ಆಡಳಿತಗಾರರು 2014ರಲ್ಲಿ 120ರ ಮಿತಿ ಹಾಕಿದರು, 2016ರಲ್ಲಿ 90, 2021ರಲ್ಲಿ 75. 2019ರಲ್ಲಿ, ಪ್ರತಿ ಸಲ ನಡುವಿನಿಂದ ಆಟ ಆರಂಭವಾಗುವಾಗಲೂ ಎರಡು ತುದಿಗಳಲ್ಲಿ ಆರಾರು ಜನ, ನಡುವೆ ಆರು ಜನ ಇರಲೇಬೇಕೆಂದು ವಿಧಿಸಿದರು. ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವ ಗಾದೆ ನಮ್ಮಲ್ಲಿದೆಯಲ್ಲವೆ? ಕಟ್ಟಳೆ ಮಾಡುವವರು ಚಾಪೆ ಹಾಸುವರು. ತರಬೇತಿದಾರರು ರಂಗೋಲಿಯ ಕೆಳಗೆ ತೂರುವರು. ಆದ್ದರಿಂದ ಕಟ್ಟಳೆಗಳನ್ನು ತಿದ್ದುವ ಅಗತ್ಯವೇ ಇಲ್ಲವೆಂದು ಹೇಳುವ ಅಭಿಮಾನಿ ಆಟವನ್ನು ತರಬೇತಿದಾರರ ಕೈಗೆ ಒಪ್ಪಿಸಿದಂತಾಗುತ್ತದೆ. ಇದು ಅವನಿಗೂ ಬೇಡದ ಸಂಗತಿ.

ಇಷ್ಟನ್ನು ಒಪ್ಪಿಕೊಂಡು, ಈಗ ಅಭಿಮಾನಿಯ ಪಕ್ಷಕ್ಕೆ ಬರುತ್ತೇನೆ. ಅವನ ದೂರುಗಳನ್ನು ಗಮನವಿಟ್ಟು ಕೇಳಿದರೆ ಅವುಗಳಲ್ಲಿ ಎರಡು ಬಗೆಯಿರುವುದು ಕಾಣುತ್ತದೆ. ಒಂದು, ಹೊಸತರ ಮೇಲಿನ ಕೋಪ. ಇದು ಒಂದೆರಡು ಋತುಗಳಲ್ಲಿ ತಾನಾಗಿ ಆರಿಹೋಗುತ್ತದೆ. ಆರಾರು ಜನ ನಿಲ್ಲುವ ಕಟ್ಟಳೆಗೆ ಮೊದಲಿದ್ದ ವಿರೋಧ ಬೇಗ ತಣ್ಣಗಾಯಿತು. ಇನ್ನೊಂದು ಬಗೆಯ ಕೋಪ ವರ್ಷಗಳುರುಳಿದರೂ ಆರುವುದಿಲ್ಲ. ಇವೆರಡಕ್ಕೂ ವ್ಯತ್ಯಾಸವೇನೆಂದು ಯೋಚಿಸಿದಾಗ ನನಗೆ ಹೊಳೆದದ್ದು ಇಷ್ಟು: ಗ್ಯಾಲರಿಯಲ್ಲಿ ಕುಳಿತವನ ಕಣ್ಣಿಗೆ ಕಾಣುವ ಕಟ್ಟಳೆಯನ್ನು ಅವನು ಕ್ರಮೇಣ ಒಪ್ಪುತ್ತಾನೆ, ಅಂಪೈರನ ಊಹೆಯಲ್ಲಿ ಮಾತ್ರ ನೆಲಸಿರುವ ಕಟ್ಟಳೆಯನ್ನು ಎಂದೂ ಒಪ್ಪುವುದಿಲ್ಲ.

1969ರ ಕಟ್ಟಳೆಯನ್ನೇ ನೋಡಿ. ಚೆಂಡು ನೆಲಕ್ಕೆ ಬಡಿಯಿತೆ, ಬಡಿಯದೆ ಗೆರೆ ದಾಟಿತೆ? ಎಂಟು ವರ್ಷದ ಹುಡುಗನೂ ಹೇಳಬಲ್ಲ. ನಡುವಿನ ಚೌಕದಲ್ಲಿ ಎಷ್ಟು ಜನರಿದ್ದಾರೆ? ಎಣಿಸಿದರಾಯಿತು. ಆದರೆ ಚೆಂಡು ನೆಲಕ್ಕೆ ಬಡಿದು ಗೆರೆಯಾಚೆ ಹೋದಾಗ ಬೇರೊಂದು ಕಟ್ಟಳೆ ಬಾಯಿಹಾಕುತ್ತದೆ. ಮೊದಲು ಅದು ‘ಬೇಕೆಂದೇ’ ಹೊರಗೆ ಕಳಿಸಿದವನನ್ನು ದಂಡಿಸುತ್ತಿತ್ತು; ಆಮೇಲೆ ಅದನ್ನು ಬಿಗಿಗೊಳಿಸಿ, ‘ಚೆಂಡನ್ನು ಒಳಗೆ ಉಳಿಸಿಕೊಳ್ಳುವ ಸಾಕಷ್ಟು ಇಚ್ಛೆ ತೋರದವನನ್ನು’ ದಂಡಿಸುವಂತೆ ಮಾಡಿದರು. ಇಚ್ಛೆ! ಬೆನ್ನ ಮೇಲೆ ಇಬ್ಬರು ಬಿದ್ದಿರುವಾಗ, ಕಾಲು ಜಾರುತ್ತಿರುವಾಗ, ಒದ್ದೆ ಚೆಂಡನ್ನು ಕಾಲಿಗೆ ತಾಗಿಸಿದವನ ಅಂತರಂಗದಲ್ಲಿ ಎಷ್ಟು ಇಚ್ಛೆಯಿತ್ತು, ಸಾಕಷ್ಟಿತ್ತೆ, ಸಾಲದಷ್ಟಿತ್ತೆ ಎಂದು ಅರೆಕ್ಷಣದಲ್ಲಿ ಅಳೆಯಲು ಅಂಪೈರನೇನು ಅಂತರ್ಯಾಮಿಯೆ? ಐವತ್ತು ಸಾವಿರ ಜನ ಐವತ್ತು ಸಾವಿರ ಬಗೆಯಾಗಿ ಅಳೆಯುತ್ತಾರೆ. ಗದ್ದಲ ಏಳದೆ ಇನ್ನೇನಾದೀತು?

ಇದೇ ಜಾತಿಗೆ ಸೇರಿದ್ದು ಚೆಂಡನ್ನು ಹಿಡಿದಿಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ ಕಟ್ಟಳೆ. ಚೆಂಡಿರುವವನನ್ನು ಎದುರಾಳಿ ಹಿಡಿದು ಕೆಡವಿದಾಗ, ಅವನಿಗೆ ಅದನ್ನು ಸಾಗಿಸಲು ಮೊದಲೇ ಅವಕಾಶವಿತ್ತೆ, ಇರಲಿಲ್ಲವೆ ಎಂಬುದನ್ನು ಅಂಪೈರ್ ನಿರ್ಣಯಿಸಬೇಕು. ಆ ಕ್ಷಣದಲ್ಲಿ ಇಡೀ ಕ್ರೀಡಾಂಗಣ ಒಕ್ಕೊರಲಿನಿಂದ “ಬಾಲ್!” ಎಂದು ಗರ್ಜಿಸುತ್ತದೆ. ತಮ್ಮವನು ಹಿಡಿದರೆ ಗರ್ಜನೆ. ತಮ್ಮವನು ಸಿಕ್ಕಿಬಿದ್ದರೆ ಮೌನ. ಈ ಕಟ್ಟಳೆಯ ವ್ಯಾಖ್ಯಾನವನ್ನು ಋತುವಿನಿಂದ ಋತುವಿಗೆ, ಕೆಲವೊಮ್ಮೆ ಋತುವಿನ ನಡುವೆಯೇ ಸಡಿಲಿಸುವುದು ಬಿಗಿಯುವುದು ನಡೆದಿದೆ. ಅಕ್ಷರ ಅದೇ, ಅರ್ಥ ಬೇರೆ. ಪ್ರೇಕ್ಷಕನಿಗೆ ಇದಕ್ಕಿಂತ ಕಿರಿಕಿರಿಯ ಸಂಗತಿ ಇನ್ನಿಲ್ಲ.

ನಡುದಾರಿಯ ಉದಾಹರಣೆಯೂ ಒಂದಿದೆ. ರಕ್ಷಕನು ತನ್ನ ಗೋಲಿನ ಸಂದಿಗೆ ತಾನೇ ಚೆಂಡನ್ನು ದಾಟಿಸಿದರೆ ಎದುರಾಳಿಗೆ ಸಿಗುವುದು ಒಂದೇ ಅಂಕ. ಬದಲಿಗೆ ಚೆಂಡು ರಕ್ಷಕರ ಕೈಗೇ ಮರಳುತ್ತದೆ. ಆರು ಅಂಕದ ಅಪಾಯವನ್ನು ಒಂದು ಅಂಕ ತೆತ್ತು ಕಳೆದುಕೊಳ್ಳುವ ಜಾಣತನ ಇದು. 2008ರ ಅಂತಿಮ ಪಂದ್ಯದಲ್ಲಿ ಹಾಥಾರ್ನ್ ತಂಡ ಗೀಲಾಂಗ್ ತಂಡಕ್ಕೆ ಹೀಗೆ 11 ಅಂಕಗಳನ್ನು ಬಿಟ್ಟುಕೊಟ್ಟು, 26 ಅಂಕಗಳಿಂದ ಗೆದ್ದಿತು. ಮರುವರ್ಷವೇ, ಒತ್ತಡವಿಲ್ಲದಿರುವಾಗ ಬೇಕೆಂದೇ ಹೀಗೆ ಮಾಡಿದರೆ ಫ್ರೀ ಕಿಕ್ ಎಂಬ ಕಟ್ಟಳೆ ಬಂದಿತು. ಇಲ್ಲಿಯೂ ಉದ್ದೇಶವನ್ನು ಅಳೆಯಬೇಕು, ನಿಜ. ಆದರೆ ಹತ್ತಿರ ಯಾರೂ ಇಲ್ಲದೆ ಹಿಂದಕ್ಕೆ ನಡೆದು ಗೆರೆ ದಾಟುವವನ ಉದ್ದೇಶ ಗ್ಯಾಲರಿಯ ಕೊನೆಯ ಸಾಲಿಗೂ ಕಾಣುತ್ತದೆ. ಅದನ್ನು ಕಿತ್ತುಹಾಕಿರೆಂದು ಕೂಗುವವರು ವಿರಳ.

2021ರಲ್ಲಿ ಬಂದ ‘ನಿಲ್ಲು’ ಕಟ್ಟಳೆಯನ್ನು ಈ ಒರೆಗಲ್ಲಿಗೆ ಹಚ್ಚಿ ನೋಡೋಣ. ಮಾರ್ಕ್ ಹಿಡಿದವನ ಎದುರಿಗೆ ನಿಂತ ಆಟಗಾರ, ಅಂಪೈರ್ “ನಿಲ್ಲು” ಎಂದ ಮೇಲೆ ಅತ್ತಿತ್ತ ಕದಲಕೂಡದು. ಕದಲಿದರೆ 50 ಮೀಟರಿನ ದಂಡ. ಚೆಂಡು ಸಲೀಸಾಗಿ ಮುಂದೆ ಸಾಗಲೆಂಬುದು ಇದರ ಉದ್ದೇಶ. ಉದ್ದೇಶ ಒಳ್ಳೆಯದೇ. ತಪ್ಪು ಕಣ್ಣಿಗೂ ಕಾಣುತ್ತದೆ. ಆದರೆ ಅರ್ಧ ಹೆಜ್ಜೆ ಜರುಗಿದ ಕಾಲಿಗೆ 50 ಮೀಟರಿನ ಶಿಕ್ಷೆ ಎಂದರೆ, ಸೌದೆ ಕದ್ದವನಿಗೆ ಗಡೀಪಾರು ವಿಧಿಸಿದಂತೆ! ಕಟ್ಟಳೆ ಕಾಣುವಂತಿದ್ದರೆ ಸಾಲದು. ದಂಡವು ತಪ್ಪಿನ ತೂಕಕ್ಕೆ ತಕ್ಕಂತಿರಬೇಕೆಂಬುದನ್ನೂ ಅಭಿಮಾನಿಯೇ ನಮಗೆ ಕಲಿಸುತ್ತಾನೆ.

2025ರಲ್ಲಿ ಪ್ರಕಟವಾದ ಮಾರ್ಪಾಟುಗಳು 2026ರ ಋತುವಿಗೆ ಸೇರಿದವು. ಅವುಗಳಲ್ಲೊಂದು, ಎರಡು ತುದಿಗಳ 50 ಮೀಟರ್ ಕಮಾನುಗಳ ನಡುವಣ ಭಾಗದಲ್ಲಿ, ಒದ್ದ ಅಥವಾ ಗುದ್ದಿದ ಚೆಂಡು ಮತ್ತಾರನ್ನೂ ಮುಟ್ಟದೆ ಹೊರಗೆ ಹೋದರೆ ಎದುರಾಳಿಗೆ ಫ್ರೀ ಕಿಕ್ ಕೊಡುತ್ತದೆ. ಇಚ್ಛೆಯ ವಿಚಾರಣೆ ಅಲ್ಲಿಗೆ ಮುಗಿಯಿತು. “ಇದು ನಮ್ಮ ಆಟವೇ ಅಲ್ಲ” ಎಂದು ಬಹುಮಂದಿ ಮುನಿದರು. ಆದರೆ ದಕ್ಷಿಣ ಆಸ್ಟ್ರೇಲಿಯದ ಲೀಗಿನಲ್ಲಿ ಇಂತಹುದೇ ಕಟ್ಟಳೆ 2016ರಿಂದ ನಡೆದುಬಂದಿದೆ. ಇನ್ನೂ ಹಿಂದಕ್ಕೆ ಹೋದರೆ, 1925ರಿಂದ 1938ರ ಋತುವಿನವರೆಗೆ ಮೆಲ್ಬರ್ನಿನ ದೊಡ್ಡ ಲೀಗಿನಲ್ಲಿಯೇ, ಕೊನೆಯಲ್ಲಿ ಚೆಂಡು ಮುಟ್ಟಿದ ಪಕ್ಷದ ವಿರುದ್ಧ ಫ್ರೀ ಕಿಕ್ ಕೊಡುತ್ತಿದ್ದರು. ಗೆರೆಯಿಂದ ಚೆಂಡನ್ನು ಒಳಗೆ ಎಸೆಯುವ ಪದ್ಧತಿ ಮರಳಿದ್ದು 1939ರಲ್ಲಿ. ಮೊಮ್ಮಗ ಅಪಚಾರವೆಂದು ಕರೆಯುವುದು ಮುತ್ತಜ್ಜನಿಗೆ ಆಚಾರವಾಗಿತ್ತು! ನನ್ನ ಒರೆಗಲ್ಲಿನ ಪ್ರಕಾರ ಇದು ಒಳ್ಳೆಯ ಕಟ್ಟಳೆ. ಮುನಿಸು ಆರುವುದೆಂದು ನನ್ನ ನಂಬಿಕೆ.

ಆದರೆ ಆಡಳಿತಗಾರರ ಇನ್ನೊಂದು ನಡತೆಯನ್ನು ಸಮರ್ಥಿಸುವುದು ಕಷ್ಟ. ಬದಲಿ ಆಟಗಾರನ ಕಥೆಯನ್ನು ಕೇಳಿ. 2011ರಲ್ಲಿ ಇಂಟರ್‌ಚೇಂಜಿನ ನಾಲ್ವರಲ್ಲಿ ಒಬ್ಬನನ್ನು ತೆಗೆದು, ಒಂದೇ ಸಲ ಒಳಗೆ ಬರಬಲ್ಲ ‘ಬದಲಿ’ಯನ್ನಾಗಿ ಮಾಡಿದರು. 2015ರ ಋತು ಮುಗಿದೊಡನೆ ಅವನನ್ನು ಕೈಬಿಟ್ಟರು. 2021ರಲ್ಲಿ ಗಾಯಗೊಂಡವನಿಗೆ ಮಾತ್ರ ಬದಲಿಯೆಂದು ಅವನನ್ನು ಮತ್ತೆ ಕರೆದರು. 2023ರಲ್ಲಿ ಗಾಯದ ಕಾರಣವೂ ಬೇಕಿಲ್ಲ, ಯಾವಾಗ ಬೇಕಾದರೂ ಇಳಿಸಬಹುದೆಂದರು. 2026ಕ್ಕೆ ಮತ್ತೆ ಅವನನ್ನು ತೆಗೆದು ಇಂಟರ್‌ಚೇಂಜಿಗೆ ಐವರನ್ನು ಕೂರಿಸಿದರು. ಹದಿನೈದು ವರ್ಷಗಳಲ್ಲಿ ಬಂದ, ಹೋದ, ಮತ್ತೆ ಬಂದ, ವೇಷ ಬದಲಾಯಿಸಿದ, ಮತ್ತೆ ಹೋದ! ಇದು ಸುಧಾರಣೆಯೆ? ಮನೆಯ ಗೋಡೆಯನ್ನು ವರ್ಷಕ್ಕೊಮ್ಮೆ ಒಡೆದು ಕಟ್ಟುವವನನ್ನು ನಾವು ಶಿಲ್ಪಿಯೆಂದು ಕರೆಯುವುದಿಲ್ಲ. ಪ್ರತಿಯೊಂದು ಮಾರ್ಪಾಟಿಗೂ ಕಾರಣ ಹೇಳಿದರು. ಆದರೆ ಹಿಂದಿನದು ಏಕೆ ಸೋತಿತೆಂದು ಹೇಳುವ ಪರಿಪಾಠ ಕಡಿಮೆ. ಅಭಿಮಾನಿಗೆ ಅನುಮಾನ ಬರುವುದು ಇಂಥಲ್ಲಿಯೇ.

ಇಷ್ಟೆಲ್ಲ ಹೇಳಿದ ಮೇಲೆ ಅಭಿಮಾನಿಯ ಮಾತಿಗೂ ಒಂದು ಎಲ್ಲೆಯಿದೆಯೆಂದು ಹೇಳದಿದ್ದರೆ ಅಪ್ರಾಮಾಣಿಕತೆಯಾದೀತು. “ಆಟ ಮೆತ್ತಗಾಯಿತು, ಗಂಡಸರ ಆಟವಾಗಿ ಉಳಿಯಲಿಲ್ಲ” ಎಂಬ ದೂರು ಪದೇ ಪದೇ ಕೇಳಿಬರುತ್ತದೆ. ಭುಜದಿಂದ ಗುದ್ದುವ ಹಳೆಯ ಸ್ವಾತಂತ್ರ್ಯವನ್ನು ಮೊಟಕುಗೊಳಿಸಿದರೆಂಬುದು ಅದರ ಹಿಂದಿನ ಕೊರಗು. ಇಲ್ಲಿ ನಾನು ಅಭಿಮಾನಿಯ ಜೊತೆಗೆ ನಿಲ್ಲಲಾರೆ. ನಡುವೃತ್ತದಲ್ಲಿ ಚೆಂಡಿಗೆ ಹಾರುವ ಎತ್ತರದ ಆಟಗಾರರು ದೂರದಿಂದ ಓಡಿಬಂದು ಮೊಣಕಾಲಿಗೆ ಮೊಣಕಾಲು ಬಡಿದುಕೊಳ್ಳುತ್ತಿದ್ದರು; 2005ರಲ್ಲಿ 10 ಮೀಟರಿನ ವೃತ್ತವೆಳೆದು ಆ ಓಟವನ್ನು ಕಡಿತಗೊಳಿಸಿದರು. 2012ರಲ್ಲಿ ಸಿಡ್ನಿಯ ಗ್ಯಾರಿ ರೋಹನ್ ಅವರ ಕಾಲು ಮುರಿಯಿತು. ಮರುವರ್ಷ, ಜಾರಿಬಂದು ಎದುರಾಳಿಯ ಮೊಣಕಾಲಿನ ಕೆಳಗೆ ಬಡಿಯುವುದನ್ನು ತಪ್ಪೆಂದು ಸಾರಿದರು. ಇವುಗಳಿಂದ ಆಟದ ಸೊಬಗು ಎಳ್ಳಷ್ಟೂ ಕುಂದಲಿಲ್ಲ.

ತಲೆಯ ವಿಷಯ ಇನ್ನೂ ಗಂಭೀರ. ಗ್ರಹಾಂ ಫಾರ್ಮರ್ ಎಂಬ ಮಹಾನ್ ಆಟಗಾರರನ್ನು ಆಸ್ಟ್ರೇಲಿಯದ ಜನ ‘ಪಾಲಿ’ ಎಂದು ಪ್ರೀತಿಯಿಂದ ಕರೆಯುತ್ತಿದ್ದರು. ಮುಷ್ಟಿಯಿಂದ ಗುದ್ದಿ ಚೆಂಡು ಸಾಗಿಸುವುದನ್ನು ಒಂದು ಕಲೆಯ ಮಟ್ಟಕ್ಕೇರಿಸಿದವರು ಅವರು. 2019ರಲ್ಲಿ ಅವರು ತೀರಿಕೊಂಡ ಮೇಲೆ ನಡೆದ ಪರೀಕ್ಷೆಯಲ್ಲಿ, ತಲೆಗೆ ಪದೇ ಪದೇ ಬೀಳುವ ಪೆಟ್ಟುಗಳೊಂದಿಗೆ ಸಂಬಂಧವಿರುವ ಮೆದುಳಿನ ರೋಗ ಅವರಿಗಿದ್ದುದು 2020ರಲ್ಲಿ ಹೊರಬಿದ್ದಿತು. ಆ ದೊಡ್ಡ ಲೀಗಿನ ಆಟಗಾರರೊಬ್ಬರಲ್ಲಿ ಅದನ್ನು ಗುರುತಿಸಿದ್ದು ಅದೇ ಮೊದಲು. ಅವರ ಆಟಕ್ಕೆ ಚಪ್ಪಾಳೆ ತಟ್ಟಿದವರು ಲಕ್ಷಾಂತರ ಮಂದಿ. ಬೆಲೆ ತೆತ್ತವರು ಅವರೊಬ್ಬರೇ. ಆಟ ಹೇಗೆ ಕಾಣಬೇಕೆಂದು ಹೇಳುವ ಹಕ್ಕು ನೋಡುವವನಿಗಿದೆ. ಯಾರ ತಲೆ ಎಷ್ಟು ಪೆಟ್ಟು ತಿನ್ನಬೇಕೆಂದು ಹೇಳುವ ಹಕ್ಕು ಅವನ ಚೀಟಿಯಲ್ಲಿ ಅಚ್ಚಾಗಿಲ್ಲ. 2021ರಲ್ಲಿ, ತಲೆಗೆ ಪೆಟ್ಟುಬಿದ್ದು ಮಂಕಾದವನು ಕಡೆಯ ಪಕ್ಷ 12 ದಿನ ಆಡಕೂಡದೆಂದು ವಿಧಿಸಿದಾಗ, ತಂಡಕ್ಕಾದ ನಷ್ಟವನ್ನು ಲೆಕ್ಕಹಾಕಿದ ಅಭಿಮಾನಿ ತನ್ನ ಮಗನನ್ನು ಒಮ್ಮೆ ನೆನೆದಿದ್ದರೆ ಸಾಕಾಗಿತ್ತು.

ಈಗ ಒಂದು ಇಕ್ಕಟ್ಟಿನ ವಿಷಯ ಉಳಿಯಿತು. ಅಂಪೈರ್ ಚೆಂಡನ್ನು ಎರಡು ಕೈಗಳಲ್ಲಿ ಎತ್ತಿ ಹಿಡಿದು, ನಡುವಿನ ನೆಲಕ್ಕೆ ಬಲವಾಗಿ ಬಡಿದು ಆಕಾಶಕ್ಕೆ ಪುಟಿಸುವುದರೊಂದಿಗೆ ಆಟ ಆರಂಭವಾಗುತ್ತಿತ್ತು. ನೂರು ವರ್ಷಗಳಿಗೂ ಮೀರಿದ ಪದ್ಧತಿ ಅದು. ಅಂತಿಮ ಪಂದ್ಯದ ದಿನ ಆ ಪುಟಿತಕ್ಕೆ ಸಲ್ಲುತ್ತಿದ್ದ ಜಯಘೋಷ ಗೋಲಿಗೂ ಸಲ್ಲುತ್ತಿತ್ತೋ ಇಲ್ಲವೋ! ಅಂಗಣದ ಇತರ ಭಾಗಗಳಲ್ಲಿ 2013ರಲ್ಲಿಯೇ ಇದನ್ನು ಬಿಟ್ಟು ಚೆಂಡನ್ನು ಮೇಲಕ್ಕೆ ಎಸೆಯುವ ಪದ್ಧತಿ ತಂದಿದ್ದರು. 2026ಕ್ಕೆ ನಡುವಿನಲ್ಲಿಯೂ ಅದನ್ನು ಕೈಬಿಟ್ಟರು. ಚೆಂಡು ಡೊಂಕಾಗಿ ಪುಟಿದು ಒಂದು ಪಕ್ಷಕ್ಕೆ ಅನ್ಯಾಯವಾಗುತ್ತಿತ್ತು, ಪುಟಿಸಿ ಪುಟಿಸಿ ಅಂಪೈರರ ಬೆನ್ನು ಸೋಲುತ್ತಿತ್ತು, ಪುಟಿಸಲು ಬಾರದ ಒಳ್ಳೆಯ ಅಂಪೈರರು ಮೇಲೆ ಬರಲಾಗುತ್ತಿರಲಿಲ್ಲ. ಕಾರಣಗಳೆಲ್ಲ ಸರಿಯೆ. ನನ್ನ ಒರೆಗಲ್ಲಿಗೂ ಇದು ಒಪ್ಪುತ್ತದೆ: ಎಸೆತ ಎಲ್ಲರಿಗೂ ಕಾಣುತ್ತದೆ, ನೇರವಾಗಿಯೂ ಇರುತ್ತದೆ. ಆದರೂ ಮನಸ್ಸಿನಲ್ಲಿ ಏನೋ ಒಂದು ಚುಚ್ಚುತ್ತದೆಂಬುದನ್ನು ಮುಚ್ಚಿಡಲಾರೆ. ಆಟವು ನ್ಯಾಯದಿಂದಷ್ಟೇ ಬಾಳುವುದಿಲ್ಲ, ಆಚಾರದಿಂದಲೂ ಬಾಳುತ್ತದೆ. ವರ್ಷದ ಅಂತಿಮ ಪಂದ್ಯದ ಮೊದಲ ಕ್ಷಣಕ್ಕಾದರೂ ಅದನ್ನು ಉಳಿಸಿಕೊಂಡಿದ್ದರೆ ಯಾರಿಗೂ ನಷ್ಟವಿರಲಿಲ್ಲವೆಂದು ನನ್ನ ಅಭಿಪ್ರಾಯ.

ಹೀಗೆಯೇ ಕಳೆದುಹೋದ ಇನ್ನೊಂದು ಆಚಾರ ಅಂತಿಮ ಪಂದ್ಯದ ಮರುಪಂದ್ಯ. 2010ರ ಸೆಪ್ಟೆಂಬರಿನಲ್ಲಿ ಕಾಲಿಂಗ್‌ವುಡ್ ಮತ್ತು ಸೇಂಟ್ ಕಿಲ್ಡ ತಂಡಗಳು 68–68 ಎಂದು ಸಮಸಮನಾಗಿ ನಿಂತವು. 1948 ಮತ್ತು 1977ರಲ್ಲಿ ನಡೆದಂತೆ ಮುಂದಿನ ಶನಿವಾರ ಮತ್ತೆ ಆಡಿದರು. ಕಾಲಿಂಗ್‌ವುಡ್ 56 ಅಂಕಗಳಿಂದ ಗೆದ್ದಿತು. 2016ರಲ್ಲಿ ಈ ಪದ್ಧತಿಯನ್ನು ತೆಗೆದು, ಸಮನಾದರೆ ಅಂದೇ ಹೆಚ್ಚುವರಿ ಆಟವಾಡಿ ತೀರ್ಮಾನಿಸಬೇಕೆಂದರು. ಆಟಗಾರರಿಗೂ ವ್ಯವಸ್ಥಾಪಕರಿಗೂ ಇದು ಅನುಕೂಲ. ಬಂದವನು ಅಂದೇ ಫಲಿತಾಂಶ ಕಂಡು ಮನೆಗೆ ಹೋಗುತ್ತಾನೆ. ಆದರೆ ಗೆದ್ದೆವೋ ಸೋತೆವೋ ತಿಳಿಯದೆ ಒಂದು ನಗರವೇ ಏಳು ದಿನ ಉಸಿರು ಬಿಗಿಹಿಡಿದು ಕಳೆಯುವ ಸೊಗಸು ಇನ್ನು ಬಾರದು.

ಹಾಗಾದರೆ ಆಗಬೇಕಾದುದೇನು? ಮತಪೆಟ್ಟಿಗೆಯಿಟ್ಟು ಪ್ರತಿ ಕಟ್ಟಳೆಗೂ ಓಟು ಹಾಕಿಸಬೇಕೆಂದು ನಾನು ಹೇಳುವುದಿಲ್ಲ. ಪ್ರೇಕ್ಷಕ ಪಕ್ಷಪಾತಿ, ತನ್ನ ತಂಡಕ್ಕೆ ಮುಳುವಾದ ಕಟ್ಟಳೆಯನ್ನು ಸೋಮವಾರ ಶಪಿಸಿ, ಮುಂದಿನ ಶನಿವಾರ ಅದೇ ಕಟ್ಟಳೆ ಗೆಲ್ಲಿಸಿದರೆ ಮುದ್ದಿಸುವವನು. ಆದರೆ ಮೂರು ಮಾತುಗಳನ್ನು ಆಡಳಿತಗಾರರು ಪಾಲಿಸಬಹುದು. ಮೊದಲನೆಯದು, ಹೊಸ ಕಟ್ಟಳೆಯನ್ನು ಚಿಕ್ಕ ಲೀಗುಗಳಲ್ಲಿ ಆಡಿಸಿ ನೋಡಿ, ಆಮೇಲೆ ದೊಡ್ಡ ಅಂಗಣಕ್ಕೆ ತರುವುದು. ಎರಡನೆಯದು, ತಂದ ಕಟ್ಟಳೆಯನ್ನು ಕಡೆಯ ಪಕ್ಷ ಐದು ಋತುಗಳಾದರೂ ಮುಟ್ಟದಿರುವುದು. ಮುಟ್ಟಲೇಬೇಕಾದರೆ, ತಾವು ಎಡವಿದ್ದೆಲ್ಲಿ ಎಂದು ಬಹಿರಂಗವಾಗಿ ಹೇಳುವುದು. ಆಟಗಾರನ ಮೈಗೆ ಅಪಾಯ ತರುವ ಸಂಗತಿಗಳಿಗೆ ಮಾತ್ರ ಈ ಕಟ್ಟು ಬೇಡ. ಮೂರನೆಯದು, ಕಟ್ಟಳೆ ಬರೆಯುವಾಗ ಗ್ಯಾಲರಿಯ ಕೊನೆಯ ಸಾಲಿನಲ್ಲಿ ಕುಳಿತವನೊಬ್ಬನನ್ನು ಕಣ್ಮುಂದೆ ತಂದುಕೊಂಡು, “ಇದು ಅವನಿಗೆ ಕಾಣುತ್ತದೆಯೆ?” ಎಂದು ಕೇಳಿಕೊಳ್ಳುವುದು.

ಕೇಳದೆ ಹೋದರೆ ಆಗುವುದೇನೆಂಬುದಕ್ಕೆ ನಿದರ್ಶನವಿದೆ. 2018ರಲ್ಲಿ ಏಳೇಳು ಜನರ, ಚಿಕ್ಕ ಅಂಗಣದ, ದೂರದಿಂದ ಒದ್ದ ಗೋಲಿಗೆ 10 ಅಂಕ ಕೊಡುವ ‘ಎ. ಎಫ್. ಎಲ್. ಎಕ್ಸ್’ ಎಂಬ ಹೊಸ ಅವತಾರವನ್ನು ಥಳಕಿನೊಡನೆ ಇಳಿಸಿದರು. ಯಾರೂ ಅದಕ್ಕಾಗಿ ಬೇಡಿರಲಿಲ್ಲ. 2019ರಲ್ಲಿ ಮತ್ತೊಮ್ಮೆ ಆಡಿಸಿ ಕೈಬಿಟ್ಟರು. ಅದೇ ಲೀಗಿನ 18 ಕ್ಲಬ್ಬುಗಳಿಗೆ ಚಂದಾ ಕಟ್ಟಿದ ಸದಸ್ಯರ ಸಂಖ್ಯೆ 2023ರ ಹೊತ್ತಿಗೆ 12 ಲಕ್ಷವನ್ನು ದಾಟಿತ್ತು. ಬೇಡದ್ದನ್ನು ಬಿಟ್ಟು ಬೇಕಾದುದಕ್ಕೆ ಹಣ ತೆರುವಷ್ಟು ವಿವೇಕ ಈ ಜನರಲ್ಲಿದೆ. ಇಷ್ಟು ವಿವೇಕವುಳ್ಳವರ ಮಾತನ್ನು ಗದ್ದಲವೆಂದು ತಳ್ಳಿಹಾಕುವುದು ಸರಿಯಲ್ಲ.

1859ರಲ್ಲಿ ನಾಲ್ವರು ಕುಳಿತು ಬರೆದ ಹತ್ತು ಕಟ್ಟಳೆಗಳು ಒಂದು ಹಾಳೆಯಲ್ಲಿ ಅಡಗುತ್ತಿದ್ದುವು. ಓದಿದವನಿಗೆಲ್ಲ ಅರ್ಥವಾಗುತ್ತಿದ್ದುವು. ಇಂದಿನ ಕಟ್ಟಳೆಗಳು ಒಂದು ಪುಸ್ತಕ. ಅದರ ವ್ಯಾಖ್ಯಾನಗಳು ಇನ್ನೊಂದು. ಆ ಹಾಳೆಗೆ ಮರಳಲಾಗದು, ಮರಳಬೇಕಾಗಿಯೂ ಇಲ್ಲ. ಆದರೆ ತಂದೆಯ ಹೆಗಲ ಮೇಲೆ ಕುಳಿತು ಮೊದಲ ಪಂದ್ಯ ನೋಡಲು ಬಂದ ಹುಡುಗ, “ಅಪ್ಪಾ, ಅದೇಕೆ ತಪ್ಪು?” ಎಂದು ಕೇಳಿದಾಗ ತಂದೆಗೆ ಒಂದೇ ವಾಕ್ಯದಲ್ಲಿ ಉತ್ತರ ಹೇಳಲು ಸಾಧ್ಯವಾಗಬೇಕು. ಆ ಉತ್ತರ ಅವನ ಬಾಯಲ್ಲಿರುವವರೆಗೆ ಆಟ ಜನರದು. ಉತ್ತರ ತಿಳಿಯದೆ ಅವನು ಹೆಗಲು ಕುಣಿಸಿ ಸುಮ್ಮನಾದ ದಿನ ಅದು ಕಚೇರಿಯವರ ಪಾಲಾಗುತ್ತದೆ.